ಸೋಪಿನ ಗೆರೆ ಎಳೆದ ಗಾಜು

ಅಪ್ಪಾ,

ನೀನು ಓದುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದರೆ ನಗುವವರಿಲ್ಲ ಎಂಬ ಧೈರ್ಯ.

ನೀನು ಗಾಜು ಒರೆಸುತ್ತಿದ್ದ ಅದೇ ಕಚೇರಿಯ ಕೆಳಗೆ ಇವತ್ತು ಬೆಳಿಗ್ಗೆ ನಾಲ್ಕು ವಲಸೆ ಹಕ್ಕಿಗಳು ಬಿದ್ದಿದ್ದವು. ರಾತ್ರಿಯಿಡೀ ಉರಿಯುವ ದೀಪಕ್ಕೆ ದಾರಿ ತಪ್ಪಿ ಬರುತ್ತವೆ. ಬೆಳಗಾದ ಮೇಲೆ ಗಾಜಿನಲ್ಲಿ ಕಾಣುವ ಮರದ ಬಿಂಬವನ್ನು ನಿಜವೆಂದು ನಂಬಿ ಬಡಿದುಕೊಳ್ಳುತ್ತವೆ. ಒಂದಕ್ಕೆ ಮಾತ್ರ ಜೀವವಿತ್ತು; ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ.

ನಾನು ಶಾಲೆ ಬಿಟ್ಟು ನಿನ್ನ ಜೊತೆ ಬಕೆಟ್ ಹಿಡಿದ ಹೊಸದರಲ್ಲಿ, ನೀನು ಹೀಗೆ ಸತ್ತು ಬಿದ್ದ ಹಕ್ಕಿಯನ್ನು ಕರವಸ್ತ್ರದಲ್ಲಿ ಸುತ್ತಿ, "ಸುಸ್ತಾಗಿ ಮಲಗಿದೆ ಕಣಮ್ಮ" ಎನ್ನುತ್ತಿದ್ದೆ. ಆಮೇಲೆ, "ಗಾಜು ಇದೆ ಅಂತಾನೇ ಗೊತ್ತಾಗ್ಬಾರ್ದು, ಹಾಗೆ ಒರೆಸು" ಎಂದು ಕಲಿಸುತ್ತಿದ್ದೆ. ಒರೆಸಿ ಮುಗಿದರೆ ಆಚೆ ಕಡೆಯಿಂದ ಮೂತಿ ಸೊಟ್ಟಗೆ ಮಾಡಿ ನನ್ನನ್ನು ನಗಿಸುತ್ತಿದ್ದೆ.

ಇವತ್ತು ನಾನು ಗಾಜಿನ ಹೊರಗೆಲ್ಲ ಮೂರು ಬೆರಳಗಲಕ್ಕೊಂದರಂತೆ ಸೋಪಿನ ಗೆರೆ ಎಳೆದೆ. ಮ್ಯಾನೇಜರ್ ಬಂದರು.

"ಏನಮ್ಮಾ, ತೊಳೆದಿದ್ದೀಯೋ, ಸುಣ್ಣ ಬಳಿದಿದ್ದೀಯೋ?"

"ಹಕ್ಕಿಗೆ ಗಾಜು ಕಾಣ್ಲಿ ಅಂತ ಸಾರ್. ರಾತ್ರಿ ದೀಪಾನೂ ಆರಿಸಿದ್ರೆ..."

"ನಿಮ್ಮಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ರು."

ಕೆಲಸ ಹೋಯಿತು ಎಂದುಕೊಂಡೆ. ಆದರೂ ರಟ್ಟಿನ ಪೆಟ್ಟಿಗೆ ತೆರೆದು ಆ ಹಕ್ಕಿಯನ್ನು ತೋರಿಸಿದೆ. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವರು ಬಗ್ಗಿ ನೋಡಿದರು.

"ಈ ತಿಂಗಳು ಗೆರೆ ಇರ್ಲಿ. ದೀಪದ ವಿಷ್ಯ ವಾಚ್‌ಮನ್‌ಗೆ ಹೇಳ್ತೀನಿ."

ಮಧ್ಯಾಹ್ನ ಅದು ಹಾರಿತು ಅಪ್ಪಾ. ಗಾಜಿನ ಹತ್ತಿರ ಬಂದು, ಪಕ್ಕಕ್ಕೆ ತಿರುಗಿ ಹೋಯಿತು.

ರಸ್ತೆಯಿಂದ ನೋಡಿದರೆ ಗಾಜು ಕೊಳಕಾಗಿಯೇ ಕಾಣುತ್ತದೆ. ನನಗೆ ಕೆಲಸ ಕಲಿಸಿದ್ದು ಯಾರು ಎಂದು ಯಾರಾದರೂ ಕೇಳಿದರೆ ನಿನ್ನ ಹೆಸರು ಹೇಳಲೋ, ಬೇಡವೋ?