ನಾಳಿ ಪಲ್ಲೆಯ ಬುಟ್ಟಿ

ದಿಗ್ಗೇವಾಡಿ
೧೯ ಸೆಪ್ಟೆಂಬರ್ ೧೯೯೧

ಚಿ. ಸೌ. ಸಕ್ಕುಬಾಯಿಗೆ ನಿನ್ನ ವೈನಿ ಅಕ್ಕವ್ವನ ಪ್ರೀತಿಯ ಆಶೀರ್ವಾದ.

ಲಕೋಟೆಯ ಮೇಲಿನ ನನ್ನ ಅಕ್ಷರ ನೋಡಿ ಹರಿದು ಹಾಕದೆ ಇಷ್ಟು ಓದಿದ್ದೀಯೆಂದರೆ, ಮುಂದಕ್ಕೂ ಓದು. ನಿನ್ನ ಸಿಟ್ಟು ನನಗೆ ಹೊಸದಲ್ಲ. ನಾನು ಮದುವೆಯಾಗಿ ಬಂದ ವರ್ಷ ನಿನ್ನ ರಿಬ್ಬನ್ ಕಟ್ಟಿಕೊಂಡೆನೆಂದು ಮಾತು ಬಿಟ್ಟವಳು ನೀನು. ಈ ಸಲದ್ದು ಅಂಥ ಸಿಟ್ಟಲ್ಲ ಎಂಬುದೂ ಗೊತ್ತು. ಮಗಳು ಕಣ್ಣೆದುರೇ ವಾಂತಿ ಮಾಡಿಕೊಂಡು ಕೈಕಾಲು ನಡುಗಿ ಬಿದ್ದರೆ ಯಾವ ತಾಯಿ ಸುಮ್ಮನಿದ್ದಾಳು? ಕಸ್ತೂರಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆಂದು ನಿಪ್ಪಾಣಿಯಿಂದ ಬಂದವರು ಹೇಳಿದಾಗ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಆದರೆ ಹೋಗುವಾಗ ನೀನು ಅಂಗಳದಲ್ಲಿ ನಿಂತು ಆಡಿದ ಮಾತು ನಿನ್ನ ಅವ್ವನ, ನನ್ನ ಅತ್ತೆಯ ಎದೆಯಲ್ಲಿ ಹಾಗೇ ಕೂತಿದೆ. "ಹೆತ್ತ ಮಗಳಿಗೆ ಇಸಾ ಹಾಕಾಕ ಕರಿಸಿದ್ದೇನ? ಇನ್ನ ಈ ಮನಿ ಹೊಸ್ತಿಲಾ ತುಳ್ಯಾಂಗಿಲ್ಲ" ಅಂದೆಯಂತೆ. ಕೇಳಲು ನಾನಿರಲಿಲ್ಲ. ಪಂಚಮಿಗೆ ನೀನು ತವರಿಗೆ ಬಂದರೆ ನಾನು ಅಕ್ಕೋಳಕ್ಕೆ ನನ್ನ ತವರಿಗೆ ಹೋಗುತ್ತೇನೆ. ಪ್ರತಿ ವರ್ಷ ನಾವು ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುವುದೇ ಹೀಗೆ. ಆ ದಿನದಿಂದ ಅತ್ತೆ ಹೊಳೆಯ ಕಡೆ ಹೋಗಿಲ್ಲ. ಒಲೆ ಮುಟ್ಟುವುದಿಲ್ಲ. ಬಡಿಸಿದ ರೊಟ್ಟಿಯಲ್ಲಿ ಒಂದು ಚೂರು ಮುರಿದು ಬಾಯಿಗಿಟ್ಟು, ಉಳಿದದ್ದನ್ನು ಎಮ್ಮೆಗೆ ಹಾಕುತ್ತಾರೆ. ಹೀಗೇ ನಡೆದರೆ ಅವರು ನಮಗೆ ಉಳಿಯುವುದಿಲ್ಲ, ಸಕ್ಕು.

ಅದಕ್ಕೇ ನಿನಗೆ ಒಂದು ಸಂಗತಿ ತಿಳಿಸಬೇಕು. ಅತ್ತೆಯ ಕಣ್ಣಿಗೆ ಪೊರೆ ಕಟ್ಟಿ ಮೋತಿಬಿಂದು ಬಂದಿದೆ, ಹೋದ ಮಳೆಗಾಲಕ್ಕೂ ಮೊದಲೇ. ಹೊಳೆಯ ಪಕ್ಕದ ತಗ್ಗಿನ ನೀರ ಮೇಲೆ ಹಬ್ಬುವ ನಾಳಿ ಪಲ್ಲೆಯ ಸೊಪ್ಪು ತಿಂದೇ ಬೆಳೆದವಳು ನೀನು. ನೀನು ಮದುವೆಯಾಗಿ ಹೋದ ಮೇಲೆ ಅದರ ಪಕ್ಕಕ್ಕೇ ನಿಮ್ಮಣ್ಣ ಕಬ್ಬಿನ ಬೇಲಿಗೆಂದು ಬೇಶರಮ್ ಗಿಡ ಹಚ್ಚಿದರು. ಅದು ವಿಷ, ಆಡು ಬಾಯಿ ಹಾಕುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಎರಡಕ್ಕೂ ಒಂದೇ ಥರದ ಹೂವು, ಮುರಿದರೆ ಎರಡರಲ್ಲೂ ಹಾಲು, ದಂಟು ಎರಡರದ್ದೂ ಪೊಳ್ಳು. ಬೇಸಿಗೆಯಲ್ಲಿ ತೊಂದರೆಯಿಲ್ಲ, ಬೇಶರಮ್ ನೆಟ್ಟಗೆ ನಿಲ್ಲುತ್ತದೆ, ನಾಳಿ ಮಲಗಿ ಹರಿಯುತ್ತದೆ. ಕೃಷ್ಣೆಗೆ ನೀರು ಏರಿ ತಗ್ಗು ತುಂಬಿತೆಂದರೆ ಬೇಲಿಯೂ ಬಾಗಿ ನೀರ ಮೇಲೆ ಮಲಗಿ, ಗಂಟಿನಲ್ಲಿ ಬೇರು ಬಿಡುತ್ತದೆ. ಆಗ ಎಲೆ ನೋಡಿಯೇ ಕೀಳಬೇಕು. ನಾಳಿಯ ಎಲೆ ಈಟಿಯ ಹಾಗೆ ಉದ್ದ, ಬೇಶರಮ್ಮಿನದು ವೀಳ್ಯದೆಲೆಯ ಹಾಗೆ ಬುಡದಲ್ಲಿ ಅಗಲ. ಚಿಗುರಿನಲ್ಲಿ ಅದೂ ಸರಿಯಾಗಿ ತಿಳಿಯುವುದಿಲ್ಲ. ಎಲೆ ಕಾಣದ ಅತ್ತೆ ದಂಟನ್ನು ಬೆರಳಿನಿಂದ ಒತ್ತಿ, ಪೊಳ್ಳಿದ್ದರೆ ಕಿತ್ತು ಬುಟ್ಟಿಗೆ ಹಾಕುತ್ತಿದ್ದರು.

ಹೋದ ವರ್ಷ ಪಂಚಮಿಯಾದ ಮೇಲೆ ಮೊದಲ ಸಲ ಬುಟ್ಟಿಯಲ್ಲಿ ಆ ಅಗಲ ಎಲೆ ಕಂಡಾಗಲೇ ನಾನು ಬಾಯಿ ಬಿಡಬೇಕಿತ್ತು. ಓಣಿಯ ಸೊಸೆಯಂದಿರಿಗೆಲ್ಲ ಪಲ್ಲೆಯ ಗುರುತು ಕಲಿಸಿದವರು, ನನಗೂ ಕಲಿಸಿದವರು. ಅವರಿಗೆ "ನಿಮಗೆ ಕಾಣುವುದಿಲ್ಲ" ಎನ್ನಲು ನಾಲಗೆ ಏಳಲಿಲ್ಲ. ಅವರು ಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಗಡಿಬಿಡಿಯಿಂದ ಆರಿಸಿ ತಿಪ್ಪೆಗೆ ಒಗೆದೆ. ಮುಂದೆ ಅದೇ ರೂಢಿಯಾಯಿತು. ಪಂಚಮಿಗೆ ಬಸ್ಸು ಹತ್ತುವಾಗ ಉಂಡಿಯ ಡಬ್ಬಿ ನೆನಪಿತ್ತು, ಅಪ್ಪನ ಕೆಮ್ಮಿನ ಔಷಧ ನೆನಪಿತ್ತು, ಈ ಬುಟ್ಟಿ ನೆನಪಾಗಲಿಲ್ಲ. ನಿನಗೆ ಪ್ರೀತಿಯೆಂದು ಅವರೇ ಕಿತ್ತು ತಂದು, ಅವರೇ ಮಾಡಿ, ಕಸ್ತೂರಿ ಕೇಳಿದಳೆಂದು ಮತ್ತೆ ಮತ್ತೆ ಬಡಿಸಿದ್ದಾರೆ. ಉಳಿದ ದಂಟು ನೋಡಿ ಬೇಶರಮ್ ಎಂದು ಗುರುತಿಸಿದ್ದು ನೆರೆಮನೆಯ ಕಾಳವ್ವ. ಅತ್ತೆಯೇ ಕಲಿಸಿದ ಗುರುತು ಅದು.

ಹೋದ ವರ್ಷವೇ ಹೇಳಿದ್ದರೆ ಮಿರಜಿಗೆ ಕರೆದುಕೊಂಡು ಹೋಗಿ ಕಣ್ಣಿನ ಆಪರೇಶನ್ ಮಾಡಿಸಬಹುದಿತ್ತು. ಅವರ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ. ಈಗ ಆ ಸಂಕಟ ನನ್ನನ್ನು ತಿನ್ನುತ್ತಿದೆ.

ಸಿಟ್ಟಿದ್ದರೆ ನನ್ನ ಮೇಲೆ ಮಾಡು. ದಸರಾ ಸೂಟಿಗೆ ಕಸ್ತೂರಿಯನ್ನು ಕರೆದುಕೊಂಡು ಬಾ. ಅವರ ಕೈಯಿಂದ ಏನಾದರೂ ಮಾಡಿಸಿಕೊಂಡು ಉಣ್ಣು, ಬರೀ ಝುಣಕ ರೊಟ್ಟಿಯಾದರೂ ಆದೀತು. ನೀನು ಉಂಡದ್ದು ನೋಡಿದರೆ ಅವರೂ ಉಂಡಾರು. ನಾನು ಬುಟ್ಟಿ ಆರಿಸುತ್ತಿದ್ದ ಮಾತನ್ನು ಮಾತ್ರ ಅವರ ಮುಂದೆ ಎತ್ತಬೇಡ. ಜನ್ಮದಲ್ಲಿ ಅದೊಂದೇ ಸಲ ಕೈ ತಪ್ಪಿತು ಎಂದುಕೊಂಡಿದ್ದಾರೆ, ಅಷ್ಟಾದರೂ ಅವರಿಗಿರಲಿ.

ನಿನ್ನ ದಾರಿ ಕಾಯುವ ವೈನಿ,
ಅಕ್ಕವ್ವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅತ್ತೆ ಓದಿ ಹೇಳು ಎಂದರು. ಕಣ್ಣಿನ ಮಾತು, ಬುಟ್ಟಿಯ ಮಾತು ಬಿಟ್ಟು ಉಳಿದದ್ದನ್ನು ಓದಿದೆ. ಕೇಳಿ, "ನೀ ದಿನಾ ಆರಿಸಿ ಒಗೀತಿದ್ದದ್ದು ಬರದಿಲ್ಲೇನ?" ಎಂದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ನನ್ನ ಕೆಲಸ ಮುಗಿಯಲೆಂದೇ ಹಿತ್ತಲಿನಲ್ಲಿ ತಡ ಮಾಡುತ್ತಿದ್ದರಂತೆ. ಹಾಗಾದರೆ ನಾನಿಲ್ಲದ ದಿನ ಯಾಕೆ ಹೋದಿರಿ ಎಂದು ಕೇಳಿದೆ. "ಮಗಳ ಬಂದಿದ್ಲವ್ವಾ. ಇದನ್ನಷ್ಟ ನೋಡಿ ಕೊಡು ಅಂತ ಆಕಿಗೆ ಅನ್ನಾಕ ನಾಚಿಕಿ ಆತು" ಎಂದರು. ಅದನ್ನೂ ಬರೆ ಎಂದು ಅವರೇ ಹೇಳಿದರು. ಬರೆದಿದ್ದೇನೆ.