ಮೂಕಣ್ಣನ ಮೊಣಕೈ

೧೪ ಫೆಬ್ರವರಿ ೧೯೩೮, ಸೋಮವಾರ

ಇವತ್ತೂ ನೀರು ಹೊಯ್ಯುವ ಜವಾನ ಬರಲಿಲ್ಲ. ಹಂಡೆ ಇತ್ತು, ಚೊಂಬು ಇತ್ತು, ನೀರೂ ಇತ್ತು. ಮುಟ್ಟುವ ಹಕ್ಕು ನನಗಿರಲಿಲ್ಲ. ಉಳಿದವರು ತಾವೇ ಮೊಗೆದು ಕುಡಿದರು. ಬೊಗಸೆ ಹಿಡಿದು ನಿಂತು ಸಾಕಾಗಿ ಬಸವಣ್ಣ ಕಾಲುವೆಗೆ ಹೋಗಿ ಕುಡಿದು ಬಂದೆ. ಅಷ್ಟರಲ್ಲಿ ಗಣಿತದ ಕ್ಲಾಸು ಶುರುವಾಗಿತ್ತು. ತಡವಾದದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರು. ಹೊಸದೇನಲ್ಲ.

ಹೊಸದು ಮಧ್ಯಾಹ್ನ ಆಯಿತು. ಹೆಡ್ಮಾಸ್ಟರ್ ಮರುಳಸಿದ್ದಪ್ಪನವರು ಕರೆಸಿದರು. ಕುರ್ಚಿಯಿಂದ ಎದ್ದು ಬಾಗಿಲ ತನಕ ಬಂದರು. ಗೌರವಕ್ಕೆ ಬಂದರೋ, ನಾನು ಒಳಗೆ ಕಾಲಿಡಬಾರದೆಂದು ಬಂದರೋ... ಗೊತ್ತಾಗಲಿಲ್ಲ.

"ತಾಯಪ್ಪ, ಈ ಸಲ ಸೆಂಡಾಫಿನ್ಯಾಗ ಬಿನ್ನವತ್ತಳೆ ನೀನ ಓದಬೇಕು."

"ನಾನಾ, ಸರ್?"

"ನೀನ. ಬಳ್ಳಾರಿಯಿಂದ ಖಾದಿಯವರೊಬ್ಬರು ಅತಿಥಿಗಳಾಗಿ ಬರ್ತಾರ. ಭಾಳ ದೊಡ್ಡ ಮನುಷ್ಯರು. ಹರಿಜನ ಹುಡುಗ ಸಾಲಿಗೆ ಕೃತಜ್ಞತಾ ಹೇಳಿದ್ರ ಅವರಿಗೆ ಸಂತೋಷ ಆಗ್ತೈತಿ."

ನನ್ನ ದನಿ ಚೆನ್ನಾಗಿದೆ ಎನ್ನಲಿಲ್ಲ. ಕನ್ನಡದಲ್ಲಿ ನಾನೇ ಮೊದಲು ಎನ್ನಲಿಲ್ಲ. ಮಾದಿಗರ ಹುಡುಗ, ಅದಕ್ಕೇ ಓದು. ಅದಕ್ಕೇ ಇಷ್ಟು ವರ್ಷ ಕ್ಲಾಸಿನ ಬಾಗಿಲ ಹತ್ತಿರ ಬೇರೆ ಕೂಡಿಸಿದ್ದು. ಈಗ ಅದಕ್ಕೇ ವೇದಿಕೆ ಹತ್ತಿಸುವುದು.

ಬಿನ್ನವತ್ತಳೆಯ ಕಾಗದ ನಾನು ಮುಟ್ಟಬಹುದು. ಚೊಂಬು ಮುಟ್ಟಬಾರದು. ಹೊಗಳಿಕೆಗೆ ಮೈಲಿಗೆ ತಟ್ಟುವುದಿಲ್ಲ ಎಂದು ಇವತ್ತು ತಿಳಿಯಿತು.

೧೫ ಫೆಬ್ರವರಿ

ಸ್ಕೂಲು ಬಿಟ್ಟ ಮೇಲೆ ಸಭೆ ನಡೆಯುವ ಹಾಲಿಗೆ ಹೋದೆ. ಎಸ್ಸೆಲ್ಸಿ ಮುಗಿಸಿ ಹೋದ ಒಂದೊಂದು ತಂಡಕ್ಕೂ ಗೋಡೆಯ ಮೇಲೆ ಒಂದೊಂದು ಗ್ರೂಪ್ ಫೋಟೊ. ಎಲ್ಲ ಫ್ರೇಮೂ ಒಂದೇ ಅಳತೆ. ಹಿಡಿಸದ್ದನ್ನು ಅಂಚಿನಲ್ಲಿ ಕತ್ತರಿಸುತ್ತಾರೆ.

ಮೂರು ವರ್ಷದ ಹಿಂದಿನ ಫೋಟೊ ನೋಡಿದೆ. ಬಲ ಅಂಚಿನಲ್ಲಿ ಒಂದು ಮೊಣಕೈ. ತಲೆಯಿಲ್ಲ, ಮೈಯಿಲ್ಲ. ಬರೀ ಮೊಣಕೈ.

ಅದು ನಮ್ಮ ಕೇರಿಯ ಮೂಕಣ್ಣ. ನಮ್ಮಲ್ಲಿ ಎಸ್ಸೆಲ್ಸಿ ತನಕ ಬಂದ ಮೊದಲನೆಯವನು. "ತುದೀಗೆ ಹೋಗು, ಒಂದು ಮೊಳ ಬಿಟ್ಟು ನಿಂದ್ರು" ಅಂದಿದ್ದರಂತೆ. ಬಿಟ್ಟ ಜಾಗದಲ್ಲಿ ಕತ್ತರಿ ಸಲೀಸಾಗಿ ಓಡಿದೆ. ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದನಂತೆ. ಆ ಸೊಕ್ಕಿನಿಂದ ಅಷ್ಟಾದರೂ ಉಳಿಯಿತು.

ನನಗೆ ಹಾರ ಬೇಡ, ಚಪ್ಪಾಳೆ ಬೇಡ. ಮುಂದೆ ನಮ್ಮ ಕೇರಿಯಿಂದ ಯಾರಾದರೂ ಈ ಹಾಲಿಗೆ ಬಂದು ತಲೆ ಎತ್ತಿದರೆ ಗೋಡೆಯ ಮೇಲೆ ತಮ್ಮವರ ಒಂದು ಮುಖ ಕಾಣಬೇಕು. ಇಡೀ ಮುಖ. ಅಷ್ಟೇ.

೨೦ ಫೆಬ್ರವರಿ, ರವಿವಾರ

ಮೂಕಣ್ಣ ಸಂಡೂರಿನಿಂದ ಬಂದಿದ್ದ. ಅಲ್ಲಿ ಗಣಿಯಲ್ಲಿ ಅದಿರು ಹೊರುತ್ತಾನೆ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ.

"ಏನಲೇ, ನನ್ನ ಮೊಣಕೈ ಆರಾಮ ಐತಾ?"

"ಐತಿ. ಧೂಳು ಹಿಡದೈತಿ."

"ಹಿಡೀಲಿ ಬಿಡು. ಉಳಿದ ನಾನೂ ಅಲ್ಲಿ ಧೂಳು ಹಿಡಕೊಂಡ ಅದೀನಿ."

ಬಿನ್ನವತ್ತಳೆಯ ಸುದ್ದಿ ಹೇಳಿದೆ. ನಗು ನಿಂತಿತು.

"ಓದು ಅಂದ್ರ ಓದು. ಆದ್ರ ಎಲ್ಲಿ ನಿಂದರಸ್ತೀರಿ ಅಂತ ಮೊದಲ ಕೇಳು. ನಾ ಕೇಳಲಿಲ್ಲ. ಫೋಟೊ ಅಂದ ಕೂಡ್ಲೇ ಅಂಗಿ ಒಗಕೊಂಡು ಓಡಿದೆ. ತುದೀಗೆ ನಿಂತರ ಕತ್ತರಿ ಬೀಳತೈತಿ. ನಡುವ ನಿಂದ್ರು. ಹೆಂಗ ಕತ್ತರಸ್ತಾರ ನೋಡೂಣು."

ಅವ್ವ ಒಲೆಯ ಮುಂದಿನಿಂದಲೇ ಅಂದಳು: "ನಡುವ ನಿಂತು ಯಾರ ಮೈಗಾದ್ರೂ ತಾಕಿದ್ರ ಏನು ಗತಿ? ಸುಮ್ನ ತುದೀಗೆ ನಿಂತು ಬಾರಪ್ಪ."

"ಜಂಬಕ್ಕ ಅತ್ತಿ, ನಾ ತುದೀಗೆ ನಿಂತಿದ್ದೆ. ಗಣಿಗೆ ಬಂದು ಬಿದ್ದೆ" ಅಂದ ಮೂಕಣ್ಣ.



೨೨ ಫೆಬ್ರವರಿ

ಕೊಟ್ರಬಸಪ್ಪ. ಕಂಪ್ಲಿಯ ಅಕ್ಕಿ ಗಿರಣಿಯವರ ಮಗ. ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾನೆ. ಹೈಸ್ಕೂಲು ಸೇರಿದ ದಿನದಿಂದ ಗೆಳೆಯ. ಪುಸ್ತಕ ಕೊಡುತ್ತಾನೆ. ಕೈಗಲ್ಲ — ಬೆಂಚಿನ ಮೇಲೆ ಇಡುತ್ತಾನೆ, ನಾನು ಎತ್ತಿಕೊಳ್ಳುತ್ತೇನೆ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿಲ್ಲ. ಬೇಡವೆಂದು ನಾನೂ ಹೇಳಿಲ್ಲ.

ಇವತ್ತು ಕಾಲುವೆಯ ದಂಡೆಯ ಮೇಲೆ ಕೂತಿದ್ದೆವು. ನಡುವೆ ಅವನ ಸೈಕಲ್ಲು. ಮೂಕಣ್ಣ ಹೇಳಿದ್ದನ್ನು ಅವನಿಗೆ ಹೇಳಿದೆ.

"ನಡುವ ನಿಂದರ್ತೀನಿ ಅಂತೀಯೇನು?"

"ಕೇಳಬೇಕಂತೀನಿ."

"ಕೇಳು. ನಾ ನಿನ್ನ ಬಾಜೂಕ ನಿಂದರ್ತೀನಿ. ಹೆಗಲಿಗೆ ಹೆಗಲು ಹಚ್ಚಿ."

"ಆಮ್ಯಾಲ ಮನೀಗೆ ಹೋಗಿ ಸ್ನಾನ ಮಾಡ್ತೀಯೇನು?"

ನಕ್ಕ. "ದಿನಾ ಮಾಡ್ತೀನಲೇ. ನಿನ್ನ ಸಲುವಾಗಿ ಎರಡನೇ ಸಲ ಮಾಡಂಗಿಲ್ಲ."

ಚೆಂದದ ಮಾತು. ಚೆಂದ ಇದೆಯೆಂದೇ ಅನುಮಾನ. ಅವನಿಗೆ ಇದರಿಂದ ಏನು ಬರಬೇಕು? ಅತಿಥಿಯ ಕಣ್ಣಿಗೆ ಬೀಳಬೇಕೇ? ಅನಂತಪುರದ ಕಾಲೇಜಿಗೆ ಹೋಗುವವನಿಗೆ ದೊಡ್ಡವರ ಪರಿಚಯ ಬೇಕಾಗುತ್ತದೆ.

ಥೂ. ಗೆಳೆಯನ ಬಗ್ಗೆ ಹೀಗೆ ಬರೆಯುವ ಹಾಗೆ ನನ್ನನ್ನು ಮಾಡಿದವರು ಯಾರು?

೨೪ ಫೆಬ್ರವರಿ

ಕೇಳಿದೆ.

"ಓದ್ತೀನಿ, ಸರ್. ಫೋಟೊದಾಗ ನಾ ನಡುವ ನಿಂದರಬೇಕು. ಅತಿಥಿಗಳ ಕುರ್ಚಿ ಹಿಂದ."

ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಜಗಳಕ್ಕೆ ಮಾತು ಕೂಡಿಸಿಕೊಂಡು ಹೋಗಿದ್ದೆ. ಹೆಡ್ಮಾಸ್ಟರು "ಆತು" ಅಂದರು. ಅಷ್ಟೇ.

ಇಷ್ಟು ಸಸಾರವಾಗಿ ಇವರು ಏನನ್ನೂ ಕೊಟ್ಟವರಲ್ಲ. ಬಾಗಿಲಲ್ಲೇ ನಿಂತೆ. ಅವರೇ ಮುಂದುವರಿಸಿದರು: "ಅತಿಥಿಗಳೂ ಅದನ್ನ ಕಾಗದ ಬರದಾರ. ಹರಿಜನ ವಿದ್ಯಾರ್ಥಿ ತಮ್ಮ ಹಿಂದ ನಿಂತಿರಬೇಕಂತ. ಪತ್ರಿಕೆಗೆ ಕಳಸ್ತಾರಂತ."

ಹೀಗೆ. ನಾನು ಗೆದ್ದ ಜಾಗವಲ್ಲ ಅದು. ಅವರಿಗೆ ಬೇಕಾಗಿದ್ದ ಜಾಗ.

ಬಿನ್ನವತ್ತಳೆಯನ್ನೂ ಬರೆದಿಟ್ಟಿದ್ದರು. "ಭೇದವಿಲ್ಲದೆ ನಮಗೆಲ್ಲ ವಿದ್ಯಾಜಲವನ್ನೆರೆದ ಮಾತೆಯೇ..." ಎರೆದದ್ದು ನಿಜ. ಮೇಲಿನಿಂದ.

೫ ಮಾರ್ಚ್, ಶನಿವಾರ

ಸೆಂಡಾಫ್ ಮುಗಿಯಿತು. ಮರೆಯುವ ಮೊದಲು ಬರೆಯುತ್ತೇನೆ.

ಅತಿಥಿಯ ರೈಲು ತಡ. ಬಂದಾಗ ಬಿಸಿಲು ಇಳಿದಿತ್ತು. ಮಲ್ಲಿಗೆಯಂಥ ಖಾದಿ. ನನ್ನನ್ನು ನೋಡಿ ಎರಡೂ ಕೈ ಜೋಡಿಸಿದರು. ಕೈ ಜೋಡಿಸಿದವರು ಕೈ ಕುಲುಕುವ ಪ್ರಶ್ನೆಯೇ ಇಲ್ಲ. ಉಪ್ಪಿಟ್ಟು ಎಲ್ಲರಿಗೂ ಪಿಂಗಾಣಿ ತಟ್ಟೆಯಲ್ಲಿ, ನನಗೆ ಮುತ್ತುಗದ ಎಲೆಯಲ್ಲಿ. "ಎಲೀದು ರುಚಿ ಭಾಳ" ಅಂದ ಬಡಿಸುವವನು.

ಓದಿದೆ. "ಭೇದವಿಲ್ಲದೆ" ಎಂಬಲ್ಲಿ ನಾಲಿಗೆ ಏಳಲಿಲ್ಲ. ಆ ಒಂದು ಪದ ಬಿಟ್ಟು ಮುಂದಕ್ಕೆ ಹೋದೆ. ಹೆಡ್ಮಾಸ್ಟರ ಹುಬ್ಬು ಏರಿತು. ಚಪ್ಪಾಳೆ ಬಿತ್ತು.

ಸುಳ್ಳು ಬರೆಯಲಾರೆ. ಕೊನೆಯ ಸಾಲನ್ನು ಮನಸ್ಸಿನಿಂದಲೇ ಓದಿದೆ. ಪದ್ಯದ ಸಾಲು ಬಿಡಿಸಿ ಓದಲು ಕಲಿತದ್ದು ಇಲ್ಲೇ, ಆ ಬಾಗಿಲ ಹತ್ತಿರದ ಜಾಗದಲ್ಲಿ ಕೂತೇ. ಅಕ್ಷರಕ್ಕೆ ನಾನು ಋಣಿ. ಅಕ್ಷರ ತಮ್ಮ ಮನೆಯದು ಎನ್ನುವವರಿಗೆ ಅಲ್ಲ.

ಆಮೇಲೆ ಫೋಟೊ. ಬೇವಿನ ಮರದ ಕೆಳಗೆ. ಅತಿಥಿ ನಡುವಿನ ಕುರ್ಚಿಯಲ್ಲಿ. ಮೇಷ್ಟ್ರುಗಳು ಅತ್ತಿತ್ತ. ಹೆಡ್ಮಾಸ್ಟರು, ಅದೇನು ವಿನಯವೋ, ಸಾಲಿನ ಕೊನೆಯ ಕುರ್ಚಿ ಹಿಡಿದರು. ಕುರ್ಚಿಯ ಹಿಂದೆ ನಾವು. ನಡುವೆ ನಾನು. ಬಲಕ್ಕೆ ಉಚ್ಚೆಂಗಪ್ಪ, ನಮ್ಮ ಕ್ಲಾಸಿನ ಮಾನಿಟರು. ಎಡಕ್ಕೆ, ಹೇಳಿದ ಹಾಗೆ, ಕೊಟ್ರಬಸಪ್ಪ.

ಫೋಟೊದ ಪಂಪಣ್ಣ ಕರಿ ಬಟ್ಟೆಯಿಂದ ತಲೆ ಹೊರಗೆ ತೆಗೆದು ಕೂಗಿದ: "ಒತ್ತಿ ನಿಂದ್ರಿ. ಹಿಂಗ ಸಂತಿಯಂಗ ಹರಡಿದ್ರ ಫ್ರೇಮಿನ್ಯಾಗ ಹಿಡಿಯಂಗಿಲ್ಲ." ಒತ್ತಿದರು. ನನ್ನ ಎದೆ ಅತಿಥಿಯ ಕುರ್ಚಿಗೆ ಹತ್ತಿತು.

"ಬೆಳಕು ಕಮ್ಮಿ ಐತಿ. ಮುಚ್ಚಳ ತಗದು ಮೂರು ಎಣಸ್ತೀನಿ. ಯಾರೂ ಅಲ್ಲಾಡಬ್ಯಾಡ್ರಿ. ಅಲ್ಲಾಡಿದವರು ಫೋಟೊದಾಗ ದೆವ್ವ ಆಗ್ತೀರಿ."

ಎಲ್ಲರೂ ನಕ್ಕರು. ನಗು ಅಡಗಿತು. ಮುಚ್ಚಳ ತೆಗೆದ.

ಕಲ್ಲಾಗಿ ನಿಂತೆ. ಹಂಪಿಯ ಕಂಬದ ಹಾಗೆ. ಎಡಗಡೆ ಒಂದು ಹೆಗಲು ತಾಕಿದ್ದು ಗೊತ್ತಾಯಿತು. ಬೆಚ್ಚಗಿತ್ತು. "ಎರಡು" ಅನ್ನುವಾಗ ಅಲ್ಲಿ ಗಾಳಿ ಆಡಿತು. ಹೆಗಲು ಇರಲಿಲ್ಲ. ಅಥವಾ ಇತ್ತೋ? ತಿರುಗಿ ನೋಡುವ ಹಾಗಿರಲಿಲ್ಲ. ನೋಡಿದ್ದರೆ ನಾನೂ ದೆವ್ವ.

ಮುಗಿದ ಮೇಲೆ ಕೊಟ್ರಬಸಪ್ಪ ಏನೋ ಹೇಳಲು ಬಂದ. ಅವನ ಮಾವ ಗೇಟಿನಲ್ಲಿ ನಿಂತು ಕರೆದರು. ಹೋದ.

೧೪ ಮಾರ್ಚ್

ಹಾಲಿನಲ್ಲಿ ಹೊಸ ಮೊಳೆ ಹೊಡೆದಿದ್ದಾರೆ. ಫೋಟೊ ಇಲ್ಲ.

ಹೆಡ್ಮಾಸ್ಟರನ್ನು ಕೇಳಿದೆ. "ಫೋಟೊದ ಪ್ಲೇಟು ಒಡೀತಂತಪ. ಗಾಜಲ್ಲೇನು. ನೀ ಪರೀಕ್ಷಾಕ್ಕ ಓದು."

ಎಷ್ಟೋ ವರ್ಷದ ಪ್ಲೇಟು ಒಂದೂ ಒಡೆದಿಲ್ಲ. ನಾನು ನಡುವೆ ನಿಂತದ್ದು ಮಾತ್ರ ಒಡೆಯಿತು.

೨೧ ಮಾರ್ಚ್

ಪರೀಕ್ಷೆ ಶುರು. ಕೊಟ್ರಬಸಪ್ಪ ಮುಂದಿನ ಡೆಸ್ಕಿನಲ್ಲಿ. ಒಮ್ಮೆಯೂ ತಿರುಗಲಿಲ್ಲ. ಪರೀಕ್ಷೆಯಲ್ಲಿ ಯಾರು ತಿರುಗುತ್ತಾರೆ. ಆದರೂ.

೮ ಏಪ್ರಿಲ್, ಶುಕ್ರವಾರ

ಪರೀಕ್ಷೆ ಮುಗಿದು ವಾರವಾಯಿತು. ಸ್ಟೇಷನ್ ರೋಡಿನ ಪಂಪಣ್ಣನ ಅಂಗಡಿಗೆ ಹೋದೆ.

"ಯಾರಂದ್ರು ಒಡದೈತಂತ? ನನ್ನ ಕೈಯಾಗ ಪ್ಲೇಟು ಒಡದಿಲ್ಲ ತಮ್ಮ. ನಿಮ್ಮ ಹೆಡ್ಮಾಸ್ಟರು ತಾವ ನೋಡಿದ್ರು, ತಾವ ಬ್ಯಾಡ ಅಂದ್ರು."

ಒಳಗಿನಿಂದ ಒಂದು ಪ್ರಿಂಟ್ ತಂದ.

ನಡುವೆ ನಾನು. ಅಂಗಿಯ ಗುಂಡಿ, ಕಿವಿಯ ತೂತು, ಹಣೆಯ ಹಳೆಯ ಗಾಯ — ಎಲ್ಲ ಸ್ಪಷ್ಟ. ನನ್ನ ಸುತ್ತ ಹೊಗೆ. ಮುಂದಿನ ಕುರ್ಚಿಯ ಖಾದಿ ಅತಿಥಿಗೆ ಕುತ್ತಿಗೆಯಿಂದ ಮೇಲೆ ಮುಖವೇ ಇಲ್ಲ. ನನ್ನ ಎದೆ ಕುರ್ಚಿಗೆ ತಾಕಿದ ಕೂಡಲೇ ಮುಂದಕ್ಕೆ ಬಾಗಿದ್ದಾರೆ. ನನ್ನ ಬಲಕ್ಕೆ ನಿಂತ ಉಚ್ಚೆಂಗಪ್ಪನಿಗೆ ಎರಡು ತಲೆ, ಕಣ್ಣು ಒಂದಕ್ಕೂ ಇಲ್ಲ. ದೂರ ಇದ್ದವರೆಲ್ಲ ನಿಚ್ಚಳ. ಹೆಡ್ಮಾಸ್ಟರು ಎಲ್ಲರಿಗಿಂತ ನಿಚ್ಚಳ. ಅಲ್ಲಾಡುವ ಅಗತ್ಯವೇ ಬೀಳದ ಜಾಗ ನೋಡಿ ಕೂತಿದ್ದರು.

ಯಾರೂ ಬೇಕೆಂದು ಮಾಡಿರಲಿಕ್ಕಿಲ್ಲ. ಮೈ ತಾನಾಗಿ ಸರಿದಿದೆ. ಅಷ್ಟು ಆಳಕ್ಕೆ ಕಲಿತಿದ್ದಾರೆ. ಕ್ಯಾಮರಾ ಸುಳ್ಳು ಹೇಳಲಿಲ್ಲ. ಅದಕ್ಕೇ ಗೋಡೆಗೆ ಏರಲಿಲ್ಲ.

ಪಂಪಣ್ಣ ಕಿಸಕ್ಕನೆ ನಕ್ಕ. "ನಡುವಿನವನ್ನ ತಗದು ಎರಡೂ ಕಡಿ ಕೂಡಸ್ಲಿಕ್ಕೆ ಬರ್ತೈತೇನು ಅಂತ ಕೇಳಿದ್ರು. ಇದೇನು ಹರದ ದೋತರಾ ಏನ್ರಿ ಹೊಲೀಲಿಕ್ಕೆ ಅಂದೆ."

ನಾನು ನಗಲಿಲ್ಲ. ನೋಡುತ್ತಿದ್ದದ್ದು ನನ್ನ ಎಡಕ್ಕೆ ನಿಂತವನನ್ನು. ಕೊಟ್ರಬಸಪ್ಪ. ಮುಖ ನಿಚ್ಚಳ. ನೇರ ನೋಡುತ್ತಿದ್ದಾನೆ. ಆದರೆ ನನ್ನ ಕಡೆಯ ಕೈ, ಬಲಗೈ, ಹೆಗಲಿನಿಂದ ಬೆರಳಿನ ತನಕ ಹೊಗೆ.

"ಪಂಪಣ್ಣ, ಈ ಕೈ ನನ್ನಿಂದ ದೂರ ಹೊಂಟಿತ್ತೇನು, ನನ್ನ ಹೆಗಲ ಮ್ಯಾಲ ಬರಾಕತ್ತಿತ್ತೇನು?"

ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಹಿಂದೆ ಮುಂದೆ ಮಾಡಿ ನೋಡಿದ.

"ಹೋಗೋ ಕೈಯೂ ಹಿಂಗ ಕಾಣತೈತಿ, ಬರೋ ಕೈಯೂ ಹಿಂಗ ಕಾಣತೈತಿ. ಅಷ್ಟು ತಿಳಿಯೋ ಕ್ಯಾಮರಾ ಇನ್ನಾ ಬಂದಿಲ್ಲ. ಅವನ್ನ ಕೇಳು."

ಪ್ರಿಂಟನ್ನು ನೀನೇ ಇಟ್ಟುಕೋ ಅಂದ. ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. ನಾನು ಎತ್ತಿಕೊಂಡೆ.

೯ ಏಪ್ರಿಲ್

ಅವ್ವ ಫೋಟೊ ನೋಡಿದಳು.

"ಇವರೆಲ್ಲ ಯಾಕ ಹಿಂಗ ಅದಾರೋ?"

"ದೆವ್ವ ಬೇ."

"ಹಂಗಾರ ಅಷ್ಟರಾಗ ನೀ ಒಬ್ಬವನ ಮನಿಷ್ಯಾನಾ?" ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಫೋಟೊವನ್ನು ಗೋಡೆಗೆ, ಅಪ್ಪ ಬಾರಿಸುತ್ತಿದ್ದ ಡಪ್ಪಿನ ಪಕ್ಕಕ್ಕೆ ಆನಿಸಿ ಇಟ್ಟಳು.

ಕೇರಿಯವರೆಲ್ಲ ಬಂದು ನೋಡಿ ಹೋದರು. ಹಾಲಿನಲ್ಲಿ ಬರೀ ಮೊಳೆ. ಇಲ್ಲಿ ಮೊಳೆಯಿಲ್ಲ, ಫೋಟೊ ಇದೆ. ಇಷ್ಟಕ್ಕೆ ಸುಮ್ಮನಾಗುವವನಲ್ಲ ನಾನು. ಇದನ್ನು ಆ ಮೊಳೆಗೇ ನೇತು ಹಾಕಬೇಕು. ಒಬ್ಬನೇ ಹೋದರೆ ಗೇಟಿನಲ್ಲೇ ತಡೆಯುತ್ತಾರೆ. ಜೊತೆಗೆ ಒಬ್ಬ ಬೇಕು, ಅವರು ತಡೆಯಲಾಗದ ಮನೆಯವನು. ಯಾರು?

ಆ ಕೈ ಕಣ್ಣಿನಿಂದ ಹೋಗುತ್ತಿಲ್ಲ.

೧೦ ಏಪ್ರಿಲ್, ರವಿವಾರ, ಬೆಳಿಗ್ಗೆ

ಮೂಕಣ್ಣನಿಗೆ ಸುದ್ದಿ ಕಳಿಸಬೇಕು, ಮುಂದಿನ ವಾರ ಬಂದರೆ ಅವನನ್ನೂ ಕರೆದುಕೊಂಡು ಹಾಲಿಗೆ —

ಹೊರಗೆ ಸೈಕಲ್ಲಿನ ಗಂಟೆ.

ಕೊಟ್ರಬಸಪ್ಪ. ಕೇರಿಯೊಳಗೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಕಿಟಕಿಯಿಂದ ಕಾಣುತ್ತಾನೆ. ಅವನಿಗೆ ನಾನು ಕಾಣುವುದಿಲ್ಲ.

"ತಾಯಪ್ಪ ಅದಾನೇನವ್ವ? ಕಂಪ್ಲಿಗೆ ಹೊಂಟೀನಿ. ಹೇಳಿ ಹೋಗೂಣು ಅಂತ ಬಂದೆ."

"ಒಳಗ ಅದಾನ್ರಿ. ಕುಂದ್ರಿ. ಕಟ್ಟೀ ಮ್ಯಾಲ ಕುಂದ್ರಿ, ಸಾರಿಸೇನ್ರಿ."

ಕೂತ. ಬೆವರು ಒರೆಸಿಕೊಂಡ. "ಭಾಳ ಬಿಸಲವ್ವ. ಕುಡಿಲಿಕ್ಕೆ ಒಂದೀಟು ನೀರು ಕೊಡು."

ಅವ್ವ ನಿಂತಲ್ಲೇ ನಿಂತಿದ್ದಾಳೆ. ಈ ಮಾತು ಅವಳ ಜನ್ಮದಲ್ಲಿ ಯಾರೂ ಆಡಿಲ್ಲ. ಒಳಗೆ ಬಂದು ನನ್ನ ಮುಖ ನೋಡಿದಳು. ಕೊಡು ಅಂದೆ. ಬರಿಯ ತುಟಿ ಅಲ್ಲಾಡಿಸಿ.

ನಾನು ಏಳುವುದಿಲ್ಲ. ಬರೆಯುತ್ತಲೇ ನೋಡುತ್ತೇನೆ. ಬೊಗಸೆ ಒಡ್ಡಿ ಮೇಲಿನಿಂದ ಹೊಯ್ಯಿ ಅನ್ನುತ್ತಾನೋ, ಚೊಂಬನ್ನೇ ಹಿಡಿಯುತ್ತಾನೋ. ಇದನ್ನು ಅವನು ಯಾರಿಗೋ ತೋರಿಸಲು ಮಾಡುತ್ತಿಲ್ಲ. ಇಲ್ಲಿ ಅತಿಥಿ ಇಲ್ಲ, ಕ್ಯಾಮರಾ ಇಲ್ಲ.

ಅವ್ವ ಹೊಸ್ತಿಲು ದಾಟಿದಳು. ಚೊಂಬು ತುಂಬಿದೆ, ನೀರು ತುಳುಕುತ್ತಿದೆ. ಮುಂದೆ ಹಿಡಿದಳು.

ಅವನು ಎದ್ದು ನಿಂತ. ಅದೇ ಬಲಗೈ. ತೊಡೆಯ ಬದಿಯಿಂದ ಎತ್ತಿದ, ಬೆರಳು ಬಿಚ್ಚಿದ, ಈಗ ಚೊಂಬಿನ ಹತ್ತಿರ —