ಬ್ರೇಕ್ ಸರಿಯಾಗಿತ್ತು

ವಡೋದರಾ
೨೯ ಅಕ್ಟೋಬರ್ ೨೦೨೫, ಬುಧವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಅಹಮದಾಬಾದಿನ ಬೋಪಾಲಿನ ಆ ಎತ್ತರದ ಮನೆಯ ಬಾಲ್ಕನಿಯಲ್ಲಿ ಶಾಲು ಹೊದೆಯದೆ ನಿಂತು ಮಗುವಿನ ಬಟ್ಟೆ ಒಣಹಾಕುತ್ತಿರುತ್ತೀಯ, ನನಗೆ ಗೊತ್ತು. ವಿಭಾಳ ಹೊಲಿಗೆ ಒಣಗಿತೇ? ನಮ್ಮ ಅನಂತ ಮಗು ಅತ್ತರೆ ಎದ್ದು ಎತ್ತಿಕೊಳ್ಳುತ್ತಾನೋ, ಇಲ್ಲ ಆಫೀಸಿನ ಉಪಗ್ರಹದ ಕೆಲಸದ ನೆಪ ಹೇಳಿ ಗೊರಕೆ ಹೊಡೆಯುತ್ತಾನೋ? ಹೊಡೆದರೆ ಮುಖಕ್ಕೆ ನೀರು ಚಿಮುಕಿಸು, ನಿಮ್ಮಕ್ಕ ಹೇಳಿದಳು ಅನ್ನು. ಪುಟ್ಟಿಗೆ ನಿನ್ನ ಮೂಗೇ ಬಂದಿದೆಯಂತೆ, ಪಾಪ.

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ ಅಂತ ಬೈಯಬೇಡ, ಕಾರಣ ಆಮೇಲೆ ಹೇಳುತ್ತೇನೆ. ಫೋನು ಬಿಟ್ಟು ಕಾಗದ ಯಾಕೆ ಅಂತಲೂ ಕೇಳಬೇಡ. ಕಿವಿಗೆ ಮಷೀನು ಹಾಕಿಕೋ ಅಂದರೆ ನೀನು ಹಾಕಿಕೊಳ್ಳುವವಳಲ್ಲ. ನಾನು ಇಲ್ಲಿಂದ ಕಿರುಚಿದರೆ ಮೊದಲು ಕೇಳಿಸುವುದು ಬಾಣಂತಿಗೆ, ಕೊನೆಗೆ ನಿನಗೆ. ಇದು ಕಿರುಚಿ ಹೇಳುವ ವಿಷಯವಲ್ಲ. ಕಚೇರಿಯವರು ಒಂದು ಹೇಳಿಕೆ ತಂದುಕೊಟ್ಟಿದ್ದಾರೆ. ಶುಕ್ರವಾರ ಅದಕ್ಕೆ ನಾನು ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು. ಯಾವುದು ಅಂದರೂ ನನಗೆ ಉಳಿಗಾಲವಿಲ್ಲ ಅಮ್ಮಾ. ಹಾಗಂತ ನೀನು ಗಾಬರಿಯಾಗಿ ಹೊರಟು ಬರಬೇಡ. ತೊಟ್ಟಿಲು ಹಾಕುವವರೆಗೆ ಅಲ್ಲೇ ಇರು. ನನಗೆ ಊಟ ತಿಂಡಿಗೆ ತೊಂದರೆಯಿಲ್ಲ, ಪಕ್ಕದ ಮೇಜಿನ ಸಂಜನಾ ಡಬ್ಬಿ ತಂದುಕೊಡುತ್ತಾಳೆ.

ನಮ್ಮ ಪಿಂಚಣಿ ಕಚೇರಿಗೆ ನೀನು ಬಂದದ್ದು ಒಂದೇ ಸಲ. ಅವತ್ತು ಆ ಮುಂಬಾಗಿಲ ಮೆಟ್ಟಿಲ ಮೇಲೆ ಗಂಡಸರು ನನ್ನ ಗಾಲಿಕುರ್ಚಿಯನ್ನು ನಾಲ್ಕೂ ಕಡೆ ಹಿಡಿದು "ಏಕ್, ಬೇ, ತ್ರಣ್, ಜೈ ಅಂಬೇ" ಅಂತ ಎತ್ತಿದ್ದನ್ನು ನೋಡಲಾರದೆ ಮುಖ ತಿರುಗಿಸಿ ನಿಂತೆಯಲ್ಲ, ನಾನು ನೋಡಿದೆ. ಅವರೇನೂ ಕೆಟ್ಟವರಲ್ಲ. ಒಬ್ಬರಿಗೆ ಸೊಂಟ ಹಿಡಿದರೆ ಇನ್ನೊಬ್ಬರು ಓಡಿ ಬರುತ್ತಾರೆ. ಆದರೆ ನಿತ್ಯ ಎರಡು ಹೊತ್ತು ಅಕ್ಕಿ ಮೂಟೆಯ ಹಾಗೆ ಹತ್ತಿ ಇಳಿಯುವಾಗ ಸೀರೆ ಹಿಡಿದುಕೊಳ್ಳಲೋ ಕುರ್ಚಿ ಹಿಡಿದುಕೊಳ್ಳಲೋ ತಿಳಿಯುವುದಿಲ್ಲ. ಎತ್ತುವವರು ಇದ್ದಾರಲ್ಲ ಅಂತ ಯಾರಿಗೂ ಬೇರೆ ದಾರಿ ಮಾಡುವ ಯೋಚನೆಯೇ ಬರಲಿಲ್ಲ. ಇನ್ನು ಒಳಗೆ ಅಂಗವಿಕಲರ ಶೌಚಾಲಯ ಅಂತ ದೊಡ್ಡ ಬೋರ್ಡಿದೆ, ಬಾಗಿಲು ತೆಗೆದರೆ ಹಳೆಯ ಕೂಲರುಗಳು ಪೇರಿಸಿವೆ. ಜ್ವರ ಬಂದು ಡಾಕ್ಟರು ಮೂತ್ರದ ಸೋಂಕು ಅಂದಾಗ "ನೀರು ಕುಡಿಯೇ ಹುಡುಗಿ, ನಿನ್ನ ದಮ್ಮಯ್ಯ, ನೀರು ಕುಡಿ" ಅಂತ ನೀನು ತಲೆ ಚಚ್ಚಿಕೊಂಡೆ. ಕುಡಿದು ಎಲ್ಲಿಗೆ ಹೋಗಲಮ್ಮಾ?

ನನ್ನ ಪಾಡು ಹಾಗಿರಲಿ, ಅಭ್ಯಾಸವಾಗಿತ್ತು. ನವೆಂಬರಿನಲ್ಲಿ ಬರುವವರ ಪಾಡು ನೋಡಲಾಗುವುದಿಲ್ಲ. ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೆ ಸಾಕು ಅನ್ನುತ್ತಾರೆ, ಸರಿ. ಮಷೀನಿಗೆ ಮುಖ ಹೊಂದದವರು, ಬೆರಳಚ್ಚು ಸವೆದು ಹೋದವರು ಖುದ್ದಾಗಿ ಬರಲೇಬೇಕು. ಬರುವವರಲ್ಲಿ ನಮ್ಮ ಹುಬ್ಬಳ್ಳಿಯ ಸಿದ್ದಲಿಂಗಪ್ಪನವರೂ ಒಬ್ಬರು. ರೈಲ್ವೆಯಲ್ಲಿದ್ದಾಗ ಹಳಿಯ ಮೇಲೆ ಒಂದು ಕಾಲು ಕಳೆದುಕೊಂಡು, ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಓಡಾಡುವವರು. ಹೋದ ವರ್ಷ ನಮ್ಮ ಕೌಂಟರು ಇನ್ನೂ ಮೇಲಿನ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಮೆಟ್ಟಿಲ ಮೇಲೆ ಕೂತು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಮೇಲೆ ಬಂದರು. ಪಂಚೆಯೆಲ್ಲ ಧೂಳು. "ನಾ ಇನ್ನೂ ಜೀವಂತ ಅದೀನಿ ಅಂತ ತೋರಸಾಕ ಎಷ್ಟು ಪಾವಟಿಗಿ ಹತ್ತಬೇಕವಾ ತಂಗಿ?" ಅಂದರು. ನಗುತ್ತಲೇ ಅಂದರು ಅಮ್ಮಾ.

ಅವತ್ತಿನಿಂದ ನಮ್ಮ ಮುಖ್ಯಸ್ಥರಾದ ದವೆ ಸಾಹೇಬರ ಪ್ರಾಣ ತಿಂದೆ. ಅರ್ಜಿಯ ಮೇಲೆ ಅರ್ಜಿ. ಕೊನೆಗೂ ಕೌಂಟರು ಕೆಳಗೆ ಬಂತು, ಮುಂಬಾಗಿಲ ಮೆಟ್ಟಿಲ ಪಕ್ಕಕ್ಕೆ ರ‍್ಯಾಂಪೂ ಮಂಜೂರಾಯಿತು. ಒರಟು ಸಿಮೆಂಟು ಸಾಕು ಸಾರ್ ಅಂತ ಬೇಡಿಕೊಂಡೆ. "ಗೋದಾಮಿನ ಥರ ಕಾಣುತ್ತೆ ಬೆನ್, ನಿಮಗೆ ಅಂತ ಮಾಡುವಾಗ ಚೆನ್ನಾಗಿಯೇ ಮಾಡೋಣ" ಅಂದರು, ತಂಗಿಗೆ ಹೇಳುವ ಹಾಗೆ. ಸ್ವಂತ ಕಾರಿನಲ್ಲಿ ಮೋರ್ಬಿಗೆ ಹೋಗಿ ತಾವೇ ಆರಿಸಿ ತಂದದ್ದು ಬೆಳ್ಳಗೆ ಫಳಫಳ ಹೊಳೆಯುವ ಟೈಲ್ಸು, ದೇವರ ಮನೆಗೆ ಹಾಕುತ್ತಾರಲ್ಲ, ಅಂಥದ್ದು. ಮೇಲೆ ನೊಣ ಕೂತರೂ ಜಾರಬೇಕು! ದೀಪಾವಳಿಗೆ ಮುಂಚೆಯೇ ಕೆಲಸ ಮುಗಿಯಿತು. ಒಂದು ಸಲ ಇಳಿದು ನೋಡುತ್ತೇನೆ ಅಂದೆ. ಎಲ್ಲರೂ ಹೌಹಾರಿದರು. ಮುಹೂರ್ತಕ್ಕೆ ಮೊದಲು ಹೊಸದನ್ನು ತುಳಿಯುವುದುಂಟೇ? ಇಲ್ಲಿಯವರು ದೀಪಾವಳಿ ಮುಗಿದು ಲಾಭ ಪಾಂಚಮ್ ಕಳೆಯದೆ ಅಂಗಡಿಯ ಬಾಗಿಲನ್ನೇ ತೆರೆಯುವುದಿಲ್ಲ, ನೀನೇ ನೋಡಿದ್ದೀಯ. ರ‍್ಯಾಂಪಿನ ಮೇಲೆ ಪ್ಲಾಸ್ಟಿಕ್ ಹಾಸಿ ಹಗ್ಗ ಕಟ್ಟಿದರು. ಅದರ ಪಕ್ಕದಲ್ಲೇ ನನ್ನನ್ನು ಎಂದಿನಂತೆ ಎತ್ತಿ ಇಳಿಸುತ್ತಿದ್ದರು. ನಗು ಬರುತ್ತದಲ್ಲವೇ? ನನಗೂ ಬಂತು, ಆಗ.

ಮೊನ್ನೆ ಸೋಮವಾರ ಉದ್ಘಾಟನೆ. ದೆಹಲಿಯಿಂದ ದೊಡ್ಡ ಅಧಿಕಾರಿ ಬಂದಿದ್ದರು. ಬುಡದಲ್ಲಿ ರಂಗೋಲಿ, ಮೇಲೆ ಚೆಂಡು ಹೂವಿನ ತೋರಣ. ಮೊದಲು ನಾನೇ ಇಳಿಯಬೇಕಂತೆ, ಅದಕ್ಕಾಗಿ ಮೆಟ್ಟಿಲ ಮೇಲಿಂದ ಎತ್ತಿ ಒಳಗೆ ಕೂರಿಸಿದರು. ರ‍್ಯಾಂಪಿನ ತಲೆಯಲ್ಲೇ ತೆಂಗಿನಕಾಯಿ ಒಡೆದರು. ಕಾಯಿನೀರು ಟೈಲ್ಸಿನ ಮೇಲೆ ಹರಿದು ಹೋದದ್ದು ನನಗೆ ಕಂಡಿತು. ಸಾರ್, ಒರೆಸಿ ಅಂದೆ. "ಶುಭ ಹೈ ಬೆನ್, ಶುಭ ಹೈ" ಅಂದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಕ್ಯಾಮರಾ ಇತ್ತು, ನಾನು ಪೆಚ್ಚುಪೆಚ್ಚಾಗಿ ನಕ್ಕೆ. ಪೇಪರಿನಲ್ಲಿ ಬಂದಿರುವುದು ಆ ನಗು. ಇಳಿಯಲು ಶುರು ಮಾಡಿದ ಕೂಡಲೇ ಕುರ್ಚಿ ಕೈ ಮೀರಿತು. ಬ್ರೇಕ್ ಎಳೆದೆ. ಹಿಡಿಯಿತಮ್ಮಾ, ಚೆನ್ನಾಗಿಯೇ ಹಿಡಿಯಿತು. ಚಕ್ರ ನಿಂತಿತು, ಕುರ್ಚಿ ನಿಲ್ಲಲಿಲ್ಲ. ಸ್ವಲ್ಪ ಜಾರಿದೆ, ಅಷ್ಟೇ, ನೀನು ಹೆದರಬೇಡ.

ನಿನ್ನೆ ಸಂಜೆ ದವೆ ಸಾಹೇಬರು ಕಾಜೂ ಕತ್ಲಿಯ ಡಬ್ಬಿಯೊಂದಿಗೆ ಮನೆಗೆ ಬಂದರು. ಕೈಯಲ್ಲಿ ಟೈಪ್ ಮಾಡಿಸಿದ ಹೇಳಿಕೆ. ರ‍್ಯಾಂಪು ಉತ್ತಮವಾಗಿದೆ, ನನ್ನ ಕುರ್ಚಿಯ ಬ್ರೇಕ್ ಕೆಟ್ಟಿದ್ದರಿಂದ ಹೀಗಾಯಿತು ಅಂತ ನಾನು ಬರೆದುಕೊಟ್ಟಂತೆ. ಶುಕ್ರವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತಾರಂತೆ. ಕೊಟ್ಟರೆ ಕಚೇರಿಗೆ ಅಂಗವಿಕಲಸ್ನೇಹಿ ಅನ್ನುವ ಪ್ರಮಾಣಪತ್ರ ಸಿಗುತ್ತದೆ, ಕೌಂಟರು ಕೆಳಗೇ ಉಳಿಯುತ್ತದೆ. ಕೊಡದಿದ್ದರೆ ವಿಚಾರಣೆ, ರ‍್ಯಾಂಪಿಗೆ ಬೀಗ, ಕೌಂಟರು ಮತ್ತೆ ಮೇಲಕ್ಕೆ. ನನಗೆ ಮನೆಯಿಂದಲೇ ಕೆಲಸ. "ಆರಾಮಾಗಿ ಮನೆಯಲ್ಲೇ ಇರಿ ಬೆನ್, ಯಾರೂ ಎತ್ತುವುದೂ ಬೇಡ." ಬೈದಿದ್ದರೆ ನಾನೂ ಬೈಯುತ್ತಿದ್ದೆ. ಆ ಮನುಷ್ಯ ಕಣ್ಣೀರು ಹಾಕಿದರು. ನಿವೃತ್ತಿ ಹತ್ತಿರವಿದೆ. "ತಮಾರಾ ಮಾಟೇ ಜ ತೋ ಕರ್ಯುಂ ಛೇ" ಅಂದರು, ನಿಮಗಾಗಿಯೇ ತಾನೇ ಮಾಡಿದ್ದು ಅಂತ. ಅದು ಸುಳ್ಳಲ್ಲ, ಅದೇ ಕಷ್ಟ.

ಹೂಂ ಅಂದರೆ ಬರುವ ಸೋಮವಾರ, ನವೆಂಬರ್ ಶುರುವಾಗುತ್ತಲೇ, ಸಿದ್ದಲಿಂಗಪ್ಪನವರು ಊರುಗೋಲು ಊರಿಕೊಂಡು ಆ ಗಾಜಿನಂಥ ಟೈಲ್ಸಿನ ಮೇಲೆ ಬರುತ್ತಾರೆ. ಸಿಕ್ಕವರ ಹತ್ತಿರವೆಲ್ಲ "ನಮ್ಮ ತಂಗಿ ಮಾಡಿಸ್ಯಾಳ" ಅಂತ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಊಹೂಂ ಅಂದರೆ ಅವರು ಮತ್ತೆ ಮೆಟ್ಟಿಲ ಮೇಲೆ ಕೂತು ಸರಿಯಬೇಕು, ನಾನು ಈ ನಾಲ್ಕು ಗೋಡೆಯೊಳಗೆ ಕೊಳೆಯಬೇಕು. ಎತ್ತಿಸಿಕೊಂಡಾದರೂ ಸರಿ, ದಿನವೂ ಹೊರಗೆ ಹೋಗುತ್ತಿದ್ದೆನಲ್ಲ, ಅದೂ ಹೋಗುತ್ತದೆ. ಅದರ ಮೇಲೆ ಈ ಬ್ರೇಕಿನ ಮಾತು. ದಿನಾ ಬೆಳಿಗ್ಗೆ ನನ್ನನ್ನು ಕೂರಿಸುವ ಮೊದಲು ನೀನು ಅದುಮಿ ನೋಡುವ ಬ್ರೇಕ್. ಬೋಪಾಲಿಗೆ ಹೊರಟ ದಿನ ಚಪ್ಪಲಿ ಮೆಟ್ಟಿದ ಮೇಲೂ ಒಳಗೆ ಬಂದು ಅದುಮಿ ಹೋದೆ. ಅದು ಕೆಟ್ಟಿತ್ತು ಅಂತ ಯಾವ ಬಾಯಲ್ಲಿ ಹೇಳಲಿ? ಆದರೂ ದವೆಯವರ ಮುಖ ನೆನೆದರೆ ಹೇಳಿಬಿಡುತ್ತೇನೇನೋ ಅಂತ ಭಯವಾಗುತ್ತದೆ. ನನಗೆ ಸಾಕಾಗಿದೆ ಅಮ್ಮಾ. ನಿಜವಾಗಿ ಸಾಕಾಗಿದೆ.

ಅನಂತನಿಗೆ ಇದೆಲ್ಲ ಹೇಳಬೇಡ, ಕೂಗಾಡುತ್ತಾನೆ. ವಿಭಾ ಚೆನ್ನಾಗಿ ನಿದ್ದೆ ಮಾಡಲಿ. ಪುಟ್ಟಿಯ ಅಂಗಾಲಿಗೆ ಅತ್ತೆಯದೊಂದು ಮುತ್ತು. ಆ ಕಾಲು ನೂರು ಕಾಲ ಓಡಲಿ. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ
ವಿಂಧ್ಯಾ

ಸಂಜನಾ ನಾಳೆ ಮೊದಲ ರೈಲಿಗೆ ಅಹಮದಾಬಾದಿಗೆ ಹೋಗುತ್ತಾಳೆ, ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ, ಅದಕ್ಕೇ ಬೇಗ ಬೇಗ ಹೇಳಿಬಿಡುತ್ತೇನೆ. ಸ್ವಲ್ಪ ಜಾರಿದೆ ಅಂತ ಬರೆದೆನಲ್ಲ, ಸ್ವಲ್ಪವಲ್ಲ. ಕುರ್ಚಿ ಮೇಲೆ, ನಾನು ಅಡಿಗೆ. ಬಲಗೈ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ, ಇಷ್ಟನ್ನೂ ಎಡಗೈಯಲ್ಲಿ ಗೀಚಿದ್ದೇನೆ. ನನಗೆ ಕಾಲೂ ಈ ಕೈಗಳೇ ಅಲ್ಲವೇ ಅಮ್ಮಾ. ಸಹಿ ಮಾಡಲು ಆಗುವುದಿಲ್ಲ ಅಂತ ದವೆಯವರಿಗೆ ಹೇಳಿ ಬಚಾವಾದೆ ಅಂದುಕೊಂಡಿದ್ದೆ. "ಹೆಬ್ಬೆಟ್ಟು ಸಾಕು ಬೆನ್, ಎಡಗೈದು" ಅಂದು ನಮ್ಮ ಕೌಂಟರಿನ ಮಸಿ ಪ್ಯಾಡನ್ನೇ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಜನ ಬದುಕಿದ್ದಾರೆ ಅಂತ ನಾನು ಇಷ್ಟು ವರ್ಷ ಒತ್ತಿಸಿಕೊಂಡ ಮಸಿ. ಒಬ್ಬಳೇ ಇದ್ದರೆ ಒತ್ತಿಬಿಡುತ್ತೇನೆ. ಬರಬೇಡ ಅಂತ ಮೇಲೆ ಬರೆದದ್ದನ್ನು ಹೊಡೆದು ಹಾಕು. ತೊಟ್ಟಿಲು ಇನ್ನೊಂದು ದಿನ ಹಾಕಿದರಾಯಿತು. ಬಾ ಅಮ್ಮಾ. ಶುಕ್ರವಾರ ಅವರು ಬರುವ ಹೊತ್ತಿಗೆ ಇಲ್ಲಿರು, ಅವರ ಕಣ್ಣೆದುರಿಗೇ ಬ್ರೇಕ್ ಅದುಮಿ ತೋರಿಸು.